ಎಣ್ಣೆ ಮುಕ್ಕಳಿಸಿದರೆ ಬಾಯಲ್ಲಿ ನಿಜಕ್ಕೂ ಏನಾಗುತ್ತದೆ?

ಒಂದು ಚಮಚ ಎಳ್ಳೆಣ್ಣೆ ಬಾಯಿಗೆ ಹಾಕಿಕೊಳ್ಳಿ. ಮೊದಲ ಅರ್ಧ ನಿಮಿಷ ಅದು ಬರೀ ಎಣ್ಣೆ. ಜಿಡ್ಡುಜಿಡ್ಡಾಗಿ, ದಪ್ಪಗೆ, ಈಗಲೇ ಉಗಿದುಬಿಡೋಣ ಅನ್ನಿಸುವಂತೆ ಇರುತ್ತದೆ. ಬಿಡದೆ ಮುಕ್ಕಳಿಸುತ್ತಾ ಹೋದರೆ ಐದಾರು ನಿಮಿಷಕ್ಕೆ ತೆಳ್ಳಗಾಗುತ್ತದೆ. ಬಾಯಿಯೂ ತುಂಬಿಕೊಳ್ಳುತ್ತದೆ. ಹತ್ತು ಹದಿನೈದು ನಿಮಿಷ ಕಳೆದು ಉಗಿದಾಗ ಬರುವುದು ಹಳದಿ ಎಣ್ಣೆಯಲ್ಲ. ನೊರೆನೊರೆಯಾದ, ಹಾಲಿನಂಥ ಬಿಳಿ ದ್ರವ.

ಈ ಬಿಳಿ ಬಣ್ಣವೇ ಅರ್ಧ ಗೊಂದಲಕ್ಕೆ ಕಾರಣ. ಹಾಕಿಕೊಂಡಿದ್ದು ಎಣ್ಣೆ, ಹೊರಬಂದಿದ್ದು ಬೇರೇನೋ. ಹಾಗಾದರೆ ನಡುವೆ ಏನೋ ಆಗಿರಲೇಬೇಕು ಅಲ್ವಾ? ಮೈಯೊಳಗಿನ ವಿಷವೆಲ್ಲ ಎಣ್ಣೆಗೆ ಇಳಿದು ಹೊರಗೆ ಬಂತು ಅಂತ ಒಬ್ಬರು ಹೇಳಿದರೆ ನಂಬುವುದು ಸುಲಭ. ಕಣ್ಣೆದುರೇ ಸಾಕ್ಷಿ ಇದೆಯಲ್ಲ!

ನಡುವೆ ಏನೋ ಆಗಿರುವುದು ನಿಜ. ಅದು ವಿಷದ ಕತೆಯಲ್ಲ, ಅಷ್ಟೇ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಣ್ಣೆ ಮುಕ್ಕಳಿಸುವುದು ಬಾಯಿಗೆ ತಕ್ಕಮಟ್ಟಿಗೆ ಒಳ್ಳೆಯದು. ಆದರೆ ಹಲ್ಲುಜ್ಜುವುದಕ್ಕೆ ಅದು ಬದಲಿ ಅಲ್ಲ, ಸಕ್ಕರೆ ಕಾಯಿಲೆಗೋ ಮಂಡಿನೋವಿಗೋ ಮದ್ದಂತೂ ಅಲ್ಲವೇ ಅಲ್ಲ. ತಮಾಷೆ ಏನು ಗೊತ್ತಾ? ನಮ್ಮ ಹಳೆಯ ವೈದ್ಯಗ್ರಂಥಗಳೂ ಹೆಚ್ಚುಕಡಿಮೆ ಇಷ್ಟನ್ನೇ ಹೇಳಿದ್ದವು. ದೊಡ್ಡ ದೊಡ್ಡ ಭರವಸೆಗಳು ಸೇರಿಕೊಂಡಿದ್ದು ತೀರಾ ಈಚೆಗೆ.

ಗಂಡೂಷ, ಕವಲ ಮತ್ತು ಆಯಿಲ್ ಪುಲ್ಲಿಂಗ್

ಆಯಿಲ್ ಪುಲ್ಲಿಂಗ್ ಅನ್ನುವುದು ಹೊಸ ಹೆಸರು. ಎಣ್ಣೆಯನ್ನು ಹಲ್ಲಿನ ಸಂದುಗಳ ಮೂಲಕ ಎಳೆದು, ತಳ್ಳಿ, ಮತ್ತೆ ಎಳೆಯುವುದರಿಂದ ಆ ಹೆಸರು ಬಂತು. ಆಯುರ್ವೇದದಲ್ಲಿ ಇದಕ್ಕೆ ಹತ್ತಿರವಾದ ಎರಡು ಮಾತಿವೆ: ಗಂಡೂಷ ಮತ್ತು ಕವಲ. ಎಷ್ಟೋ ಕಡೆ ಎರಡನ್ನೂ ಒಂದೇ ಎಂಬಂತೆ ಬರೆಯುತ್ತಾರೆ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ 40ನೇ ಅಧ್ಯಾಯದಲ್ಲಿ ಇವೆರಡಕ್ಕೂ ಇರುವ ವ್ಯತ್ಯಾಸ ಒಂದೇ ಶ್ಲೋಕದಲ್ಲಿದೆ. ಬಾಯಲ್ಲಿ ಸಲೀಸಾಗಿ ಆಚೀಚೆ ಆಡಿಸಲು ಆಗುವಷ್ಟಿದ್ದರೆ ಅದು ಕವಲ. ಆಡಿಸಲು ಜಾಗವೇ ಇಲ್ಲದಷ್ಟು ತುಂಬಿಕೊಂಡಿದ್ದರೆ ಅದು ಗಂಡೂಷ.

ಅಂದರೆ ಗಂಡೂಷದಲ್ಲಿ ಮುಕ್ಕಳಿಸುವುದೇ ಇಲ್ಲ. ಬಾಯಿ ತುಂಬಾ ಹಿಡಿದುಕೊಂಡು ಸುಮ್ನೆ ಕೂರುವುದು. ಇವತ್ತು ಒಂದು ಚಮಚ ಎಣ್ಣೆ ಹಾಕಿಕೊಂಡು ಕೆನ್ನೆ ಕುಣಿಸುವ ಕೆಲಸವನ್ನು ಸುಶ್ರುತನ ಲೆಕ್ಕದಲ್ಲಿ ಕವಲ ಅನ್ನಬೇಕು. ಹೆಸರಿನ ಬಗ್ಗೆ ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಕೇಳಬಹುದು. ಕಾರಣ ಇದೆ. ಗಂಡೂಷಕ್ಕೆ ಗ್ರಂಥ ಹೇಳಿದ ಗುಣಗಳನ್ನೆಲ್ಲ ತೆಗೆದು ಇವತ್ತಿನ ಮುಕ್ಕಳಿಕೆಗೆ ಅಂಟಿಸುವವರು, ತಾವು ಅದೇ ಕೆಲಸ ಮಾಡುತ್ತಿದ್ದೇವೆಯೇ ಅಂತ ಒಮ್ಮೆ ನೋಡಿಕೊಳ್ಳಬೇಕಲ್ಲ.

ಎಷ್ಟು ಹೊತ್ತು ಹಿಡಿಯಬೇಕು? 20 ನಿಮಿಷ ಅನ್ನುವುದು ಇವತ್ತಿನ ಲೆಕ್ಕ. ಅಷ್ಟಾಂಗ ಹೃದಯದ ಸೂತ್ರಸ್ಥಾನದ 22ನೇ ಅಧ್ಯಾಯ ಕೊಡುವ ಗುರುತು ಬೇರೆ ಥರ. ಬಾಯಿ ಕಫದಿಂದ ತುಂಬುವ ತನಕ, ಇಲ್ಲವೇ ಮೂಗು ಕಣ್ಣುಗಳಲ್ಲಿ ನೀರು ಬರುವ ತನಕ. ನನಗೆ ಇದು ಗಡಿಯಾರಕ್ಕಿಂತ ಒಳ್ಳೆಯ ಅಳತೆ ಅನ್ನಿಸುತ್ತದೆ. ಬಾಯಿ ತುಂಬಿದಾಗ ನಮಗೇ ಗೊತ್ತಾಗುತ್ತದೆ, ಉಗಿಯುತ್ತೇವೆ. ಅದೇ ಅಧ್ಯಾಯದಲ್ಲಿ ಗಂಡೂಷಕ್ಕೆ ನಾಲ್ಕು ಬಗೆ ಹೇಳಿದ್ದಾರೆ: ಸ್ನಿಗ್ಧ, ಶಮನ, ಶೋಧನ, ರೋಪಣ. ಜಿಡ್ಡು ಕೊಡುವುದು, ಉರಿ ತಣಿಸುವುದು, ತೊಳೆಯುವುದು, ಹುಣ್ಣು ಮಾಯಿಸುವುದು. ಎಣ್ಣೆ ಒಂದೇ ಅಲ್ಲ, ತುಪ್ಪ, ಹಾಲು, ಜೇನು ಬೆರೆಸಿದ ನೀರು ಕೂಡ ಬಳಕೆಯಲ್ಲಿದ್ದವು. ಬಾಯಿಯ ತೊಂದರೆ ಯಾವುದು ಅಂತ ನೋಡಿ ದ್ರವ ಆರಿಸುತ್ತಿದ್ದರು. ಎಲ್ಲರಿಗೂ ಒಂದೇ ಎಣ್ಣೆ, ಎಲ್ಲ ಕಾಯಿಲೆಗೂ ಒಂದೇ ಮದ್ದು ಅನ್ನುವುದು ಅಲ್ಲಿ ಕಾಣುವುದಿಲ್ಲ.

ಚರಕ ಹೇಳಿದ್ದು ಯಾವಾಗ, ಏನು

ಎಣ್ಣೆ ಮುಕ್ಕಳಿಸುವವರೆಲ್ಲ ಬೊಟ್ಟು ಮಾಡಿ ತೋರಿಸುವುದು ಚರಕ ಸಂಹಿತೆಯನ್ನು. ಅದರಲ್ಲಿ ಈ ವಿಷಯ ಬರುವುದು ಸೂತ್ರಸ್ಥಾನದ 5ನೇ ಅಧ್ಯಾಯದಲ್ಲಿ. ಆ ಅಧ್ಯಾಯದ ಈ ಭಾಗ ಕಾಯಿಲೆಯ ಚಿಕಿತ್ಸೆಯದ್ದಲ್ಲ. ಆರೋಗ್ಯವಾಗಿರುವವರು ದಿನಾ ಏನೇನು ಮಾಡಬೇಕು ಅನ್ನುವುದನ್ನು ಹೇಳುತ್ತದೆ.

ಶ್ಲೋಕಗಳ ಸಾರ ಇಷ್ಟು. ಎಣ್ಣೆಯ ಗಂಡೂಷ ಹಿಡಿದರೆ ದವಡೆಗೆ ಬಲ ಬರುತ್ತದೆ, ದನಿಗೆ ಬಲ ಬರುತ್ತದೆ, ಮುಖ ತುಂಬಿಕೊಳ್ಳುತ್ತದೆ. ರುಚಿ ಚೆನ್ನಾಗಿ ತಿಳಿಯುತ್ತದೆ, ಊಟ ಸೇರುತ್ತದೆ. ಗಂಟಲು ಒಣಗುವುದಿಲ್ಲ, ತುಟಿ ಒಡೆಯುವುದಿಲ್ಲ. ಹಲ್ಲು ಸವೆದು ಹೋಗುವುದಿಲ್ಲ, ಬೇರು ಗಟ್ಟಿಯಾಗುತ್ತದೆ. ಹಲ್ಲು ನೋಯುವುದಿಲ್ಲ, ಹುಳಿ ತಿಂದರೂ ಜುಮ್ಮೆನ್ನುವುದಿಲ್ಲ. ಎಂಥಾ ಗಟ್ಟಿ ಪದಾರ್ಥವನ್ನೂ ಕಡಿದು ತಿನ್ನಬಹುದು.

ಇಷ್ಟೇ. ದವಡೆ, ದನಿ, ನಾಲಗೆ, ಗಂಟಲು, ತುಟಿ, ಹಲ್ಲು. ಕುತ್ತಿಗೆಯಿಂದ ಕೆಳಗೆ ಇಳಿದೇ ಇಲ್ಲ. ಎಣ್ಣೆ ಮುಕ್ಕಳಿಸಿದರೆ ಸುಮಾರು 30 ಕಾಯಿಲೆ ಗುಣವಾಗುತ್ತದೆ ಎಂದು ಚರಕನೇ ಹೇಳಿದ್ದಾನೆ ಅನ್ನುವ ಮಾತು ಎಲ್ಲೆಲ್ಲೂ ಓಡಾಡುತ್ತದೆ. ಈ ಶ್ಲೋಕಗಳಲ್ಲಿ ತಲೆನೋವೂ ಇಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ, 30 ಎಂಬ ಅಂಕಿಯೂ ಇಲ್ಲ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಈ ಶ್ಲೋಕಗಳ ಹಿಂದಿನವುಗಳನ್ನು ಓದಿ. ಮೊದಲು ಬರುವುದು ಹಲ್ಲುಜ್ಜುವ ಕಡ್ಡಿ. ಒಗರು, ಖಾರ, ಕಹಿ ರುಚಿಯ ಕಡ್ಡಿಯ ತುದಿ ಜಜ್ಜಿಕೊಂಡು, ಒಸಡಿಗೆ ನೋವಾಗದ ಹಾಗೆ, ದಿನಕ್ಕೆ ಎರಡು ಹೊತ್ತು ಉಜ್ಜಬೇಕು. ಎರಡು ಹೊತ್ತು! ಇವತ್ತಿನ ದಂತವೈದ್ಯರು ಹೇಳುವುದೂ ಅದನ್ನೇ. ಆಮೇಲೆ ನಾಲಗೆ ಹೆರೆಯುವುದು. ಅದಕ್ಕೆ ಚಿನ್ನ, ಬೆಳ್ಳಿ, ತಾಮ್ರ, ತವರ, ಹಿತ್ತಾಳೆಯ ಪಟ್ಟಿ ಆಗಬಹುದು ಅಂತ ಪಟ್ಟಿಯನ್ನೇ ಕೊಟ್ಟಿದ್ದಾರೆ. ಆಮೇಲೆ ಬಾಯಿಯ ವಾಸನೆಗೆ ಲವಂಗ, ಜಾಯಿಕಾಯಿಯಂಥವು. ಇಷ್ಟೆಲ್ಲ ಆದ ಮೇಲೆ ಎಣ್ಣೆಯ ಮಾತು.

ಉಜ್ಜುವುದು, ಹೆರೆಯುವುದು, ಆಮೇಲೆ ಎಣ್ಣೆ. ಮೊದಲಿನ ಎರಡನ್ನು ಬಿಟ್ಟು ಕೊನೆಯದನ್ನು ಮಾತ್ರ ಎತ್ತಿಕೊಂಡು ‘ಪೇಸ್ಟ್ ಬೇಡ, ಬ್ರಷ್ ಬೇಡ, ಎಣ್ಣೆ ಸಾಕು’ ಅನ್ನುವವರು ಸಂಪ್ರದಾಯವನ್ನು ಉಳಿಸುತ್ತಿಲ್ಲ, ಕತ್ತರಿಸುತ್ತಿದ್ದಾರೆ.

ಹಾಗಾದರೆ ಎಲ್ಲ ಕಾಯಿಲೆಗೂ ಮದ್ದು ಅನ್ನುವ ಮಾತು ಎಲ್ಲಿಂದ ಬಂತು? 1990ರ ದಶಕದಲ್ಲಿ. ಡಾ. ಕರಾಚ್ ಎಂಬ ವೈದ್ಯರ ಹೆಸರಿನಲ್ಲಿ ಸೂರ್ಯಕಾಂತಿ ಎಣ್ಣೆಯ ವಿಧಾನವೊಂದು ಹರಡಿತು. ತಲೆನೋವಿನಿಂದ ಹಿಡಿದು ಹೃದಯದ ತೊಂದರೆಯವರೆಗೆ ಎಲ್ಲಕ್ಕೂ ಅದು ಆಗುತ್ತದೆ ಎಂಬುದು ಅದರ ಜೊತೆ ಬಂದ ಮಾತು. ಅದೇ ದಶಕದಲ್ಲಿ ಆಂಧ್ರದಲ್ಲಿ ಈ ಅಭ್ಯಾಸಕ್ಕೆ ಭಾರಿ ಪ್ರಚಾರ ಸಿಕ್ಕಿತು. ಗುಣವಾದವರ ಪತ್ರಗಳು, ಅನುಭವಗಳು ಒಂದರ ಮೇಲೊಂದು ಬಂದವು. ಅನುಭವ ಸುಳ್ಳು ಅಂತಲ್ಲ. ಆದರೆ ಗುಣವಾದವರು ಪತ್ರ ಬರೆಯುತ್ತಾರೆ, ಏನೂ ಆಗದವರು ಸುಮ್ಮನಿರುತ್ತಾರೆ. ಇಂಥ ಲೆಕ್ಕದಲ್ಲಿ ಯಾವ ಮದ್ದಾದರೂ ಗೆದ್ದೇ ಗೆಲ್ಲುತ್ತದೆ. ಹೀಗೆ ಚರಕನ ಹೆಸರು ಒಂದು ಕಡೆಯಿಂದ, ಈ ಹೊಸ ಪಟ್ಟಿ ಇನ್ನೊಂದು ಕಡೆಯಿಂದ ಬಂದು ಸೇರಿಕೊಂಡವು. ಈಗ ಬಿಡಿಸುವುದೇ ಕಷ್ಟವಾಗಿದೆ.

ಬಿಳಿಯಾಗುವುದು ಯಾಕೆ

ಈಗ ಬಾಯಿಯ ಒಳಗೆ ಹೋಗೋಣ.

ಬೆಳಿಗ್ಗೆ ಎದ್ದಾಗ ನಾಲಗೆಯಿಂದ ಹಲ್ಲು ಸವರಿ ನೋಡಿ. ಲೋಳೆಲೋಳೆಯಾಗಿ ತೆಳುವಾದ ಪದರ ಸಿಗುತ್ತದೆ. ಅದಕ್ಕೆ ಪ್ಲಾಕ್ ಅನ್ನುತ್ತಾರೆ. ಅದು ಬರೀ ಕೊಳೆಯಲ್ಲ, ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ಕೇರಿ. ಮನುಷ್ಯರ ಬಾಯಲ್ಲಿ ಇಲ್ಲಿಯವರೆಗೆ 700ಕ್ಕೂ ಹೆಚ್ಚು ಬಗೆಯ ಬ್ಯಾಕ್ಟೀರಿಯಾ ಕಂಡಿವೆ. ಬಹಳಷ್ಟು ನಿರುಪದ್ರವಿಗಳು. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಅಂತ ಒಂದಿದೆ. ನಾವು ತಿಂದ ಸಕ್ಕರೆಯನ್ನು ಅದು ಆಮ್ಲ ಮಾಡುತ್ತದೆ. ಹಲ್ಲಿನ ಮೇಲೆ ಪಿಎಚ್ (ಆಮ್ಲ-ಕ್ಷಾರದ ಅಳತೆ, ಕಡಿಮೆಯಾದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಿಂದ ಖನಿಜ ಕರಗಿ ಹೋಗಲು ಶುರುವಾಗುತ್ತದೆ. ಹುಳುಕು ಹುಟ್ಟುವುದು ಹೀಗೆ. ಇದೇ ಪದರ ಒಸಡಿನ ಅಂಚಿನಲ್ಲಿ ಕೂತರೆ ಒಸಡು ಕೆಂಪಾಗಿ ಊದಿಕೊಳ್ಳುತ್ತದೆ, ಉಜ್ಜುವಾಗ ರಕ್ತ ಬರುತ್ತದೆ.

ಇಂಥ ಬಾಯಿಗೆ ಎಣ್ಣೆ ಬಂತು ಅಂದುಕೊಳ್ಳಿ. ಮೊದಲು ಆಗುವುದು ಜೊಲ್ಲು ಸುರಿಯುವುದು. ಬಾಯಲ್ಲಿ ಏನೋ ಇದೆ, ಕೆನ್ನೆ ದವಡೆ ಆಡುತ್ತಿವೆ ಅಂದರೆ ಜೊಲ್ಲಿನ ಗ್ರಂಥಿಗಳಿಗೆ ಊಟ ಶುರುವಾಯಿತು ಅಂತಲೇ ಅರ್ಥ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ಜೊಲ್ಲು ಸುರಿಸುವ ಗ್ರಂಥಿಗಳು ಅವು. ಹತ್ತು ನಿಮಿಷದಲ್ಲಿ ಬಾಯಿ ತುಂಬುವುದು ಏನೂ ಆಶ್ಚರ್ಯವಲ್ಲ. ಹಾಕಿದ್ದು ಒಂದು ಚಮಚ, ಉಗಿದಿದ್ದು ಎರಡು ಮೂರು ಪಟ್ಟು. ಜಾಸ್ತಿ ಬಂದದ್ದೆಲ್ಲ ಜೊಲ್ಲು.

ಎಣ್ಣೆ ಮತ್ತು ನೀರು ಸೇರುವುದಿಲ್ಲ. ಆದರೆ ಜೋರಾಗಿ ಕಲಕಿದರೆ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನ ತುಂಬಾ ಹರಡಿಕೊಳ್ಳುತ್ತದೆ. ಜೊಲ್ಲಿನಲ್ಲಿರುವ ಪ್ರೋಟೀನುಗಳು ಆ ಹನಿಗಳ ಸುತ್ತ ಹೊದಿಕೆಯಂತೆ ಕೂತು, ಅವು ಮತ್ತೆ ಒಂದಾಗದಂತೆ ತಡೆಯುತ್ತವೆ. ಲಕ್ಷಾಂತರ ಹನಿಗಳ ಮೇಲೆ ಬಿದ್ದ ಬೆಳಕು ದಿಕ್ಕಾಪಾಲಾಗಿ ಚದುರುತ್ತದೆ. ಕಣ್ಣಿಗೆ ಬಿಳಿ ಕಾಣುತ್ತದೆ. ಹಾಲು ಬೆಳ್ಳಗೆ ಕಾಣಲು ಕೂಡ ಅದರಲ್ಲಿ ತೇಲುವ ಕೊಬ್ಬಿನ ಹನಿಗಳೇ ದೊಡ್ಡ ಕಾರಣ. ಅನುಮಾನ ಇದ್ದರೆ ಒಂದು ಬಾಟಲಿಗೆ ನೀರು, ಸ್ವಲ್ಪ ಎಣ್ಣೆ, ಒಂದು ಹನಿ ಸೋಪಿನ ನೀರು ಹಾಕಿ ಚೆನ್ನಾಗಿ ಅಲ್ಲಾಡಿಸಿ. ಅದೂ ಬೆಳ್ಳಗಾಗುತ್ತದೆ. ಬಾಟಲಿಯೊಳಗೆ ಯಾವ ವಿಷ ಇತ್ತು?

ರಕ್ತದಲ್ಲಿನ ಬೇಡದ ವಸ್ತುಗಳನ್ನು ಹೊರಹಾಕುವ ಕೆಲಸ ಲಿವರ್ ಮತ್ತು ಕಿಡ್ನಿಗಳದ್ದು. ಬಾಯಿಯ ಒಳಚರ್ಮ ಜರಡಿಯಲ್ಲ. ಅದರ ಮೂಲಕ ರಕ್ತದ ಕಲ್ಮಶ ಎಣ್ಣೆಗೆ ಇಳಿದು ಬರುವುದಿಲ್ಲ.

ಹಾಗಂತ ಆ ಬಿಳಿ ದ್ರವದಲ್ಲಿ ಏನೂ ಇಲ್ಲ ಅಂತಲ್ಲ. ಬ್ಯಾಕ್ಟೀರಿಯಾ ಇರುತ್ತವೆ, ಸತ್ತ ಜೀವಕೋಶ ಇರುತ್ತವೆ, ಊಟದ ಚೂರು ಇರುತ್ತವೆ. ಅದಕ್ಕೇ ಅದನ್ನು ನುಂಗಬಾರದು ಅನ್ನುವುದು. ಎಣ್ಣೆಯಿಂದ ಆಗುವ ಲಾಭದಲ್ಲಿ ದೊಡ್ಡ ಪಾಲು ಇಲ್ಲೇ ಇದೆ ಎಂದು ನನ್ನ ಅನಿಸಿಕೆ: ಹತ್ತು ಹದಿನೈದು ನಿಮಿಷ ಬಿಡದೆ ಬಾಯಿ ತೊಳೆಯುವುದು. ನೀರಿನಲ್ಲಿ ಯಾರೂ ಅಷ್ಟು ಹೊತ್ತು ಮುಕ್ಕಳಿಸುವುದಿಲ್ಲ. ಅರ್ಧ ನಿಮಿಷಕ್ಕೆ ಉಗಿದು ಮುಂದೆ ಹೋಗುತ್ತೇವೆ.

ಎಣ್ಣೆಗೇ ಅಂತ ಇರುವ ಗುಣಗಳ ಬಗ್ಗೆಯೂ ಎರಡು ವಾದ ಕೇಳಿಬರುತ್ತವೆ. ಒಂದು, ಎಣ್ಣೆ ಬಾಯಲ್ಲಿ ಸೋಪಾಗಿ ಬದಲಾಗಿ ಹಲ್ಲು ತೊಳೆಯುತ್ತದೆ ಅನ್ನುವುದು. 2011ರಲ್ಲಿ ಬಂದ ಒಂದು ಪ್ರಯೋಗಾಲಯದ ಅಧ್ಯಯನವೂ ಇದನ್ನು ಎತ್ತಿ ಹಿಡಿದಿತ್ತು. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಎಣ್ಣೆಯಿಂದ ಸೋಪು ಮಾಡಲು ಕಾಸ್ಟಿಕ್ ಸೋಡಾದಂಥ ಕಡುಕ್ಷಾರ ಬೇಕು. ಜೊಲ್ಲಿನ ಪಿಎಚ್ ಸುಮಾರು 6.2ರಿಂದ 7.6ರ ನಡುವೆ, ಅಂದರೆ ಹೆಚ್ಚುಕಡಿಮೆ ನೀರಿನ ಹಾಗೆ. ಕಾಲು ಗಂಟೆಯಲ್ಲಿ ಅಷ್ಟು ಸಪ್ಪೆ ಕ್ಷಾರದಲ್ಲಿ ಹೇಳಿಕೊಳ್ಳುವಷ್ಟು ಸೋಪಾಗುವುದು ಕಷ್ಟ. ನೊರೆ ಕಂಡ ಕೂಡಲೇ ಸೋಪು ಅನ್ನಬೇಕಿಲ್ಲ.

ಎರಡನೆಯದು ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲದ ವಾದ. ಇದರಲ್ಲಿ ಸ್ವಲ್ಪ ಹುರುಳಿದೆ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ಬಿಡಿಯಾಗಿರುವ ಲಾರಿಕ್ ಆಮ್ಲ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡ ಸಂಗತಿ. ಆದರೆ ಎಣ್ಣೆಯಲ್ಲಿ ಅದು ಬಿಡಿಯಾಗಿಲ್ಲ. ಮೂರು ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಾಲ್‌ಗೆ ಕಟ್ಟಿಹಾಕಿಕೊಂಡಿರುತ್ತವೆ. ಅವನ್ನು ಬಿಚ್ಚುವ ಕಿಣ್ವಗಳು ಚೆನ್ನಾಗಿ ಕೆಲಸ ಮಾಡುವುದು ಹೊಟ್ಟೆ ಕರುಳುಗಳಲ್ಲಿ. ಬಾಯಲ್ಲಿ ಅವು ತೀರಾ ಕಡಿಮೆ. ಹಾಗಾಗಿ ಗಾಜಿನ ತಟ್ಟೆಯಲ್ಲಿ ನಡೆದಷ್ಟೂ ಬಾಯಲ್ಲಿ ನಡೆಯುತ್ತದೆ ಅನ್ನಲು ಬರುವುದಿಲ್ಲ.

ಇನ್ನು ಜಿಡ್ಡು. ಉಗಿದ ಮೇಲೂ ತುಟಿ, ಕೆನ್ನೆಯ ಒಳಭಾಗದ ಮೇಲೆ ಎಣ್ಣೆಯ ತೆಳುವಾದ ಪಸೆ ಉಳಿಯುತ್ತದೆ. ಬಾಯಿ ಒಣಗುವವರಿಗೆ ಇದು ಹಿತ. ಗಂಟಲು ಒಣಗದು, ತುಟಿ ಒಡೆಯದು ಎಂದ ಚರಕನ ಸಾಲು ಬರೆದವರು ಎಣ್ಣೆ ಹಿಡಿದು ನೋಡಿಯೇ ಬರೆದಿದ್ದಾರೆ ಅನ್ನಿಸುವುದು ಇಂಥ ಕಡೆ. ದವಡೆಯ ಬಲದ ಮಾತಂತೂ ಮೊದಲ ವಾರ ಮಾಡಿದ ಯಾರಿಗೂ ವಿವರಿಸಬೇಕಿಲ್ಲ. ನಾನು ಶುರು ಮಾಡಿದಾಗ ಎಂಟನೇ ನಿಮಿಷಕ್ಕೆ ಕೆನ್ನೆ ಸೋತು ಉಗಿದುಬಿಟ್ಟಿದ್ದೆ.

ಪರೀಕ್ಷೆ ಮಾಡಿ ನೋಡಿದವರು ಏನಂದರು

ಹಲ್ಲಿನ ವಿಷಯದಲ್ಲಿ ಎಣ್ಣೆಯನ್ನು ಪರೀಕ್ಷಿಸುವುದು ಕಷ್ಟದ ಕೆಲಸವಲ್ಲ. ಕೆಲವರಿಗೆ ಎಣ್ಣೆ, ಕೆಲವರಿಗೆ ಕ್ಲೋರ್‌ಹೆಕ್ಸಿಡಿನ್ ಕೊಡುವುದು. ಈ ಕ್ಲೋರ್‌ಹೆಕ್ಸಿಡಿನ್ ದಂತವೈದ್ಯರು ಬರೆದುಕೊಡುವ ಮೌತ್‌ವಾಶ್‌ನಲ್ಲಿ ಇರುವಂಥದ್ದು, ಪ್ಲಾಕ್ ಕಡಿಮೆ ಮಾಡುವುದರಲ್ಲಿ ಹೆಸರಾದದ್ದು. ಕೆಲವು ದಿನ ಬಿಟ್ಟು ಇಬ್ಬರ ಪ್ಲಾಕ್, ಒಸಡು, ಬ್ಯಾಕ್ಟೀರಿಯಾಗಳ ಲೆಕ್ಕ ತೆಗೆಯುವುದು.

ಇಂಥ ಅಧ್ಯಯನಗಳಲ್ಲಿ ಬಹಳಷ್ಟು ನಡೆದಿರುವುದು ಭಾರತದಲ್ಲೇ. 2009ರಲ್ಲಿ ಪ್ರಕಟವಾದ ಒಂದರಲ್ಲಿ ಒಸಡು ಊದಿದ 20 ಹುಡುಗರು ಇದ್ದರು. ಹತ್ತು ಜನಕ್ಕೆ ಎಳ್ಳೆಣ್ಣೆ, ಹತ್ತು ಜನಕ್ಕೆ ಕ್ಲೋರ್‌ಹೆಕ್ಸಿಡಿನ್. ಹತ್ತು ದಿನ ಕಳೆದ ಮೇಲೆ ಎರಡೂ ಗುಂಪಿನಲ್ಲಿ ಪ್ಲಾಕ್ ಮತ್ತು ಒಸಡಿನ ಊತ ಇಳಿದಿತ್ತು. ಕೇರಳದಲ್ಲಿ 60 ಹದಿಹರೆಯದವರು 30 ದಿನ ಕೊಬ್ಬರಿ ಎಣ್ಣೆ ಮುಕ್ಕಳಿಸಿದ ಅಧ್ಯಯನ 2015ರಲ್ಲಿ ಬಂತು. ಏಳನೇ ದಿನದಿಂದಲೇ ಇಳಿಕೆ ಕಾಣಿಸಿತು.

ಕೇಳಲು ಚೆನ್ನಾಗಿದೆ. ಆದರೆ ಎರಡನೆಯದರಲ್ಲಿ ಹೋಲಿಸಿ ನೋಡಲು ಬೇರೆ ಗುಂಪೇ ಇರಲಿಲ್ಲ. ಮೊದಲನೆಯದರಲ್ಲಿ ಗುಂಪಿಗೆ ಹತ್ತೇ ಜನ. ‘ನಿಮ್ಮ ಹಲ್ಲನ್ನು ಮುಂದಿನ ವಾರ ಪರೀಕ್ಷೆ ಮಾಡುತ್ತೇವೆ’ ಅಂದರೆ ಯಾರಾದರೂ ಒಂದಿಷ್ಟು ಚೆನ್ನಾಗಿಯೇ ಉಜ್ಜುತ್ತಾರೆ. ಎಣ್ಣೆಯ ಹೆಸರಿಗೆ ಹೋದ ಲಾಭದಲ್ಲಿ ಬ್ರಷ್‌ನ ಪಾಲು ಎಷ್ಟು? ಬಾಯಲ್ಲಿರುವುದು ಎಣ್ಣೆಯೋ ನೀರೋ ಅಂತ ಗೊತ್ತಾಗದ ಹಾಗೆ ಮಾಡಲು ಆಗುವುದಿಲ್ಲ. ಮಾತ್ರೆಗಾದರೆ ಹಾಗೆ ಮುಚ್ಚಿಡಬಹುದು.

ಇಂಥ ಸಣ್ಣ ಅಧ್ಯಯನಗಳನ್ನು ಒಟ್ಟುಮಾಡಿ ನೋಡುವ ವಿಧಾನವೊಂದಿದೆ. 2022ರಲ್ಲಿ ಒಂಬತ್ತು ಪ್ರಯೋಗಗಳ 344 ಜನರ ಲೆಕ್ಕವನ್ನು ಹಾಗೆ ಒಟ್ಟು ಮಾಡಿದರು. ಎಣ್ಣೆ ಮುಕ್ಕಳಿಸಿದವರ ಜೊಲ್ಲಿನಲ್ಲಿ ಬ್ಯಾಕ್ಟೀರಿಯಾ ಕಡಿಮೆಯಾಗಿತ್ತು. ಆದರೆ ಪ್ಲಾಕ್ ಮತ್ತು ಒಸಡಿನ ಅಳತೆಯಲ್ಲಿ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಇದು ನಾವು ಮೇಲೆ ನೋಡಿದ್ದಕ್ಕೆ ಸರಿಯಾಗಿ ಹೊಂದುತ್ತದೆ. ಜೊಲ್ಲಿನಲ್ಲಿ ತೇಲಾಡುವ ಬ್ಯಾಕ್ಟೀರಿಯಾವನ್ನು ಮುಕ್ಕಳಿಸಿ ಉಗಿಯಬಹುದು. ಹಲ್ಲಿಗೆ ಅಂಟಿ ಕೂತ ಕೇರಿಯನ್ನು ಕೀಳಲು ಉಜ್ಜಬೇಕು. ಪಾತ್ರೆಯ ತಳಕ್ಕೆ ಹತ್ತಿಕೊಂಡದ್ದು ಬರೀ ನೀರಾಡಿಸಿದರೆ ಹೋಗುತ್ತದೆಯೇ?

ಅಮೆರಿಕದ ದಂತವೈದ್ಯರ ಸಂಘ ಎಣ್ಣೆ ಮುಕ್ಕಳಿಸುವುದನ್ನು ಶಿಫಾರಸು ಮಾಡುವುದಿಲ್ಲ. ನಂಬಬಹುದಾದಷ್ಟು ಆಧಾರ ಇಲ್ಲ ಎನ್ನುವುದು ಅವರ ಕಾರಣ. ‘ಆಧಾರ ಸಾಲದು’ ಅನ್ನುವುದಕ್ಕೂ ‘ಕೆಲಸ ಮಾಡುವುದಿಲ್ಲ’ ಅನ್ನುವುದಕ್ಕೂ ವ್ಯತ್ಯಾಸ ಇದೆ, ಅದನ್ನು ಮರೆಯಬಾರದು. ಇನ್ನು ಕ್ಲೋರ್‌ಹೆಕ್ಸಿಡಿನ್ ಕೂಡ ದಿನಾ ವರ್ಷಗಟ್ಟಲೆ ಬಳಸುವಂಥದ್ದಲ್ಲ. ಜಾಸ್ತಿ ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ರುಚಿ ಕೆಡುತ್ತದೆ. ಎಣ್ಣೆಯ ಮೇಲೆ ಸಂಶೋಧಕರಿಗೆ ಆಸಕ್ತಿ ಹುಟ್ಟಲು ಇದೂ ಒಂದು ಕಾರಣ.

ಎಣ್ಣೆಯಿಂದ ಆಗದ ಕೆಲಸ

ಎಣ್ಣೆಯಲ್ಲಿ ಫ್ಲೋರೈಡ್ ಇಲ್ಲ. ಹುಳುಕಿನ ವಿಷಯದಲ್ಲಿ ಇದು ದೊಡ್ಡ ಕೊರತೆ. ಕರಗಿ ಹೋದ ಖನಿಜವನ್ನು ಎನಾಮಲ್‌ಗೆ ಮತ್ತೆ ಸೇರಿಸಲು ಫ್ಲೋರೈಡ್ ನೆರವಾಗುತ್ತದೆ. 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಫ್ಲೋರೈಡ್ ಇರುವ ಪೇಸ್ಟ್ ಹುಳುಕು ತಡೆಯುತ್ತದೆ ಎನ್ನುವುದಕ್ಕೆ ಹತ್ತಾರು ವರ್ಷಗಳ ಗಟ್ಟಿ ಆಧಾರವಿದೆ. ಅದನ್ನು ಬಿಟ್ಟು ಎಣ್ಣೆ ಹಿಡಿದರೆ ಲಾಭಕ್ಕಿಂತ ನಷ್ಟ ಜಾಸ್ತಿ.

ಹಲ್ಲಿಗೆ ಕಟ್ಟಿಕೊಳ್ಳುವ ಗಾರೆಯೂ (ಟಾರ್ಟರ್) ಎಣ್ಣೆಗೆ ಬಗ್ಗುವುದಿಲ್ಲ. ಪ್ಲಾಕ್ ಹಾಗೇ ಉಳಿದರೆ ಜೊಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದನ್ನು ದಂತವೈದ್ಯರೇ ಕೆರೆದು ತೆಗೆಯಬೇಕು. ಆಗಲೇ ಬಿದ್ದ ತೂತು ಎಣ್ಣೆಯಿಂದ ಮುಚ್ಚುವುದಿಲ್ಲ. ಹಲ್ಲು ಬೆಳ್ಳಗಾಗುತ್ತದೆ ಅನ್ನುವ ಮಾತಿಗೂ ಆಧಾರವಿಲ್ಲ. ಬಾಯಿಯ ವಾಸನೆ ಕಡಿಮೆಯಾಗುವುದಕ್ಕೆ ಸ್ವಲ್ಪ ಬೆಂಬಲ ಇದೆ, ಆದರೂ ಆ ಕೆಲಸಕ್ಕೆ ನಾಲಗೆ ಹೆರೆಯುವುದನ್ನು ಬಿಡುವ ಹಾಗಿಲ್ಲ.

ನನಗೆ ಗೊತ್ತಿರುವ ಒಬ್ಬರು ದವಡೆ ಹಲ್ಲು ನೋಯಲು ಶುರುವಾದಾಗ ಎಣ್ಣೆ ಹಿಡಿದರು. ನೋವು ಎರಡು ದಿನ ಕಡಿಮೆಯಾದಂತೆ ಕಂಡಿತು. ಅದನ್ನೇ ನಂಬಿ ಮೂರು ತಿಂಗಳು ಎಳೆದರು. ಕೊನೆಗೆ ಕೆನ್ನೆ ಊದಿಕೊಂಡು ದಂತವೈದ್ಯರ ಹತ್ತಿರ ಹೋದಾಗ ಬೇರಿನವರೆಗೆ ಕೀವು ತುಂಬಿತ್ತು, ಹಲ್ಲು ಕೀಳಿಸಬೇಕಾಯಿತು. ಎಣ್ಣೆ ಆ ಹಲ್ಲು ಕೆಡಿಸಲಿಲ್ಲ. ಆದರೆ ಆ ಮೂರು ತಿಂಗಳು ಹೋದದ್ದು ಎಣ್ಣೆಯ ಲೆಕ್ಕದಲ್ಲೇ. ನಿಜವಾದ ಅಪಾಯ ಹೆಚ್ಚಾಗಿ ಇರುವುದು ಹೀಗೆ ತಡಮಾಡುವುದರಲ್ಲಿ.

ಇನ್ನೊಂದು ಅಪಾಯ ಅಪರೂಪ, ಆದರೆ ಗಂಭೀರ. ಎಣ್ಣೆ ಶ್ವಾಸಕೋಶಕ್ಕೆ ಇಳಿಯುವುದು. ನೀರು ಗಂಟಲು ತಪ್ಪಿದರೆ ತಕ್ಷಣ ಕೆಮ್ಮು ಬಂದು ಹೊರಗೆ ತಳ್ಳುತ್ತದೆ. ಎಣ್ಣೆ ಅಷ್ಟು ಗಲಾಟೆ ಮಾಡದೆ ಜಾರಿಬಿಡಬಹುದು. ಒಳಗೆ ಸೇರಿದ ಎಣ್ಣೆ ಬೇಗ ಹೊರಗೆ ಬರುವುದಿಲ್ಲ. ಅದರಿಂದ ಒಂದು ಬಗೆಯ ನ್ಯುಮೋನಿಯಾ ಆಗುತ್ತದೆ. ಎಣ್ಣೆ ಮುಕ್ಕಳಿಸುತ್ತಿದ್ದವರಲ್ಲಿ ಅದು ಮತ್ತೆ ಮತ್ತೆ ಬಂದದ್ದನ್ನು ಕೊರಿಯಾದ ವೈದ್ಯರು 2014ರಲ್ಲಿ ವರದಿ ಮಾಡಿದ್ದಾರೆ. ಅದಕ್ಕೇ ಎಣ್ಣೆಯಲ್ಲಿ ತಲೆ ಹಿಂದಕ್ಕೆ ಬಾಗಿಸಿ ಗಂಟಲು ಗಳಗಳ ಅನ್ನಿಸಬಾರದು. ಮೂಗು ಕಟ್ಟಿದ ದಿನ ಬಿಟ್ಟುಬಿಡಬೇಕು, ಬಾಯಿ ಮುಚ್ಚಿದಾಗ ಉಸಿರಾಡಲು ಇರುವುದು ಮೂಗೊಂದೇ. ಪಾರ್ಶ್ವವಾಯು ಆಗಿ ನುಂಗಲು ಕಷ್ಟಪಡುವವರಿಗೆ, ಪುಟ್ಟ ಮಕ್ಕಳಿಗೆ ಇದು ಬೇಡವೇ ಬೇಡ. ಶಾರ್ಙ್ಗಧರ ಸಂಹಿತೆ ಗಂಡೂಷ, ಕವಲಗಳನ್ನು ಐದನೇ ವರ್ಷದಿಂದ ಮೇಲೆ ಅಂತ ಹೇಳಿದೆ. ಉಗಿಯಲು ಚೆನ್ನಾಗಿ ಬರುವ ತನಕ ಕಾಯಿರಿ ಅಂತ ನಾನು ಅನ್ನುತ್ತೇನೆ. ಎಳ್ಳು ಆಗದವರು ಎಳ್ಳೆಣ್ಣೆ ಮುಟ್ಟಬಾರದು ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

ಮಾಡುವುದಾದರೆ

ಬೆಳಿಗ್ಗೆ, ಏನೂ ತಿನ್ನುವ ಮೊದಲು. ಒಂದು ಟೀ ಚಮಚದಿಂದ ಶುರು ಮಾಡಿ, ಸಲೀಸಾದರೆ ಎರಡು. ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ ಯಾವುದಾದರೂ ಸರಿ, ತಿನ್ನಲು ಬರುವ ಎಣ್ಣೆಯಾಗಿರಬೇಕು ಅಷ್ಟೇ. ತಲೆಗೆ ಹಚ್ಚುವ ಘಮಘಮ ಎಣ್ಣೆ ಬೇಡ. ನೆಟ್ಟಗೆ ಕೂತು ಮೆಲ್ಲಗೆ ಆಡಿಸಿ. ಮೊದಲ ವಾರ ಐದು ನಿಮಿಷ ಸಾಕು. 20 ನಿಮಿಷ ಮಾಡಲೇಬೇಕು ಅನ್ನುವ ಹಟ ಬೇಡ. ದವಡೆಯ ಕೀಲು ನೋಯುತ್ತಿದ್ದರೆ ನಿಲ್ಲಿಸಿ. ಬಾಯಿ ತುಂಬಿತು ಅಂದರೆ ಆಯಿತು, ಉಗಿಯಿರಿ.

ಹಲ್ಲುಜ್ಜುವುದು ಮುಂಚೆಯೋ ಆಮೇಲೋ? ಚರಕನ ಸಾಲಿನಲ್ಲಿ ಉಜ್ಜಿದ ಮೇಲೆ ಎಣ್ಣೆ. ಇಲ್ಲಿ ಮಾತ್ರ ನಾನು ಅವನ ಮಾತು ಮೀರುತ್ತೇನೆ. ಅವನ ಕಾಲದ ಕಡ್ಡಿಯಲ್ಲಿ ನಮ್ಮ ಪೇಸ್ಟಿನಷ್ಟು ಫ್ಲೋರೈಡ್ ಇರಲಿಲ್ಲ. ಉಜ್ಜಿದ ಮೇಲೆ ಎಣ್ಣೆ ಹಾಕಿಕೊಂಡು ಕಾಲು ಗಂಟೆ ಮುಕ್ಕಳಿಸಿದರೆ, ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ಎಣ್ಣೆಯ ಜೊತೆ ಉಗುಳಿ ಹೋಗುತ್ತದೆ. ಅದಕ್ಕೆ ಮೊದಲು ಎಣ್ಣೆ, ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಎರಡು ಸಲ ಬಾಯಿ ತೊಳೆದು, ಕೊನೆಗೆ ಬ್ರಷ್. ರಾತ್ರಿ ಮಲಗುವ ಮುಂಚೆ ಉಜ್ಜುವುದು ಹೇಗೂ ಇದ್ದೇ ಇದೆ.

ಉಗಿಯುವುದು ಮಾತ್ರ ವಾಶ್‌ಬೇಸಿನ್‌ಗೆ ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ದಿನಾ ಒಂದೊಂದು ಚಮಚ ಪೈಪಿನೊಳಗೆ ಹೋಗಿ ಕೂತರೆ ತಿಂಗಳೆರಡರಲ್ಲಿ ನೀರು ಇಳಿಯುವುದು ನಿಧಾನವಾಗುತ್ತದೆ. ಹಳೆಯ ಪೇಪರಿನ ತುಂಡಿಗೆ ಉಗಿದು, ಮಡಚಿ, ಕಸದ ಬುಟ್ಟಿಗೆ ಹಾಕಿ.